ಎರಡು ಬಲಗಾಲು

ನಾನು ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಕಾಪಿ ಹೊಡೆಯುವ ಮಕ್ಕಳನ್ನು ಹಿಡಿಯುವುದರಲ್ಲಿ ನಮ್ಮ ಹೋಬಳಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಅಂಥವನು ನಿವೃತ್ತನಾದ ಮೇಲೆ ಒಬ್ಬ ಡಾಕ್ಟರಮ್ಮನ ಕೈಗೆ ಮೂರನೇ ಕ್ಲಾಸಿನ ಹುಡುಗನಿಗಿಂತ ಕಡೆಯಾಗಿ ಸಿಕ್ಕಿಬಿದ್ದೆ. ಆಕೆ ಶಿವಮೊಗ್ಗದಲ್ಲಿ, ನಾನು ಶಿಕಾರಿಪುರದ ಕಡೆಯ ಅಂಜನಾಪುರದ ಹತ್ತಿರದ ನಮ್ಮೂರಿನಲ್ಲಿ, ನಡುವೆ ಒಂದು ಫೋನು. ಇದನ್ನು ಬರೆಯುವುದೇ ಬೇಡ ಅಂದುಕೊಂಡಿದ್ದೆ. ನನ್ನ ಹೆಂಡತಿ, 'ನೀವು ಬರೀದಿದ್ರೆ ಬಿಡ್ರಿ, ನಾನೇ ಊರೆಲ್ಲ ಹೇಳ್ಕೊಂಡು ಬರ್ತೀನಿ' ಅಂದಳು. ಅವಳು ಹೇಳಿದರೆ ಇನ್ನೂ ನಾಲ್ಕು ಸೇರಿಸಿ ಹೇಳುತ್ತಾಳೆ. ಅದಕ್ಕಿಂತ ನಾನೇ ಬರೆಯುವುದು ವಾಸಿ.

ಸಕ್ಕರೆ ಕಾಯಿಲೆ ನಮ್ಮ ಮನೆಗೆ ಹೊಸದಲ್ಲ. ಅಪ್ಪನಿಗಿತ್ತು, ಅಕ್ಕನಿಗಿದೆ, ನನಗಿದೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳನ್ನು ಸೊರಬದ ಕಡೆಯ ಹಳ್ಳಿಗೆ ಕೊಟ್ಟು ನಲವತ್ತು ವರ್ಷದ ಮೇಲಾಯಿತು, ಈಗ ಮಾತೂ ಆ ಕಡೆಯದೇ ಆಗಿದೆ. ನಾಲ್ಕು ವರ್ಷದ ಹಿಂದೆ ಅವಳ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಹೆಬ್ಬೆರಳಲ್ಲಿ ಒಂದು ಗಾಯವಾಗಿತ್ತಂತೆ, ತೋರಿಸಿಕೊಂಡು ಬರಲು ಆಸ್ಪತ್ರೆಗೆ ಹೋದಳಂತೆ, ಕಾಲನ್ನು ಅಲ್ಲೇ ಬಿಟ್ಟು ಬಂದಳು. ನಮಗೆ ಗೊತ್ತಿದ್ದದ್ದು ಅಷ್ಟೇ. ಅವಳನ್ನು ಕರೆತರಲು ಹೋದವನು ನಾನೇ. ಹೊದಿಕೆಯ ಕೆಳಗೆ ಒಂದು ಕಡೆ ಉಬ್ಬು, ಒಂದು ಕಡೆ ಸಪಾಟು. ಅದನ್ನು ನೋಡಿದ ದಿನವೇ ನನ್ನ ತಲೆಯಲ್ಲಿ ಒಂದು ಮಾತು ಕೂತುಬಿಟ್ಟಿತು: ತೋರಿಸಿದರೆ ತೆಗೆಯುತ್ತಾರೆ.

ಅಕ್ಕನಿಗೆ ಮಾತ್ರ ಆಮೇಲೆ ಫೋನಿನ ಡಾಕ್ಟರೆಂದರೆ ಪ್ರಾಣ. ಸೊರಬದಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿ ಬರುವುದು ಅವಳಿಗೆ ಆಗದ ಮಾತು. ತಿಂಗಳಿಗೊಂದು ಸಲ ಅಕ್ಕಿ ಅಳೆಯುವ ಸೇರಿಗೆ ಫೋನು ಒರಗಿಸಿ, ಮುಡಿಗೆ ಹೂವಿಟ್ಟುಕೊಂಡು, ಶುಗರ್ ಬರೆದ ಪುಸ್ತಕ ಹಿಡಿದು ಕೂರುತ್ತಿದ್ದಳು. 'ಆಸ್ಪತ್ರೆಗೆ ಹೋದ್ರೆ ಒಂದು ದಿನವೇ ಮುಗೀತದೆ ಮಾರಾಯಾ. ಇಲ್ಲಿ ಅನ್ನ ಆಗೂದರೊಳಗೆ ಡಾಕ್ಟರೂ ಮುಗೀತಾರೆ' ಎನ್ನುತ್ತಿದ್ದಳು. ನಾನು ಗೇಲಿ ಮಾಡುತ್ತಿದ್ದೆ. ನಾಡಿ ಹಿಡಿಯದ, ಕಣ್ಣಿನ ರೆಪ್ಪೆ ಎಳೆದು ನೋಡದ ಡಾಕ್ಟರು ಎಂಥ ಡಾಕ್ಟರು?

ನಮ್ಮೂರ ಹಾಲಿನ ಡೈರಿಯ ಕಟ್ಟೆಯ ಮೇಲೆ ಬೆಳಿಗ್ಗೆ ಸೇರುವವರಲ್ಲಿ ಶುಗರ್ ಇರುವವರು ಮೂವರು. ನಾನು, ಕಿರಾಣಿ ಅಂಗಡಿಯವನು, ನಮ್ಮ ಪಕ್ಕದ ಮನೆಯ ಕುರಿ ಸಾಕುವವನು. ಅಂಗಡಿಯವನಿಗೆ ಫೋನಿನ ಡಾಕ್ಟರೇ ಬೇಕು. ಆಸ್ಪತ್ರೆಯ ಬೆಂಚಿನ ಮೇಲೆ ಕೂತರೆ ಇವನಿಗೆ ಕಾಯಿಲೆ ಇದೆ ಅಂತ ಊರಿಗೆಲ್ಲ ಗೊತ್ತಾಗುತ್ತದೆ ಎನ್ನುವುದು ಅವನ ಲೆಕ್ಕಾಚಾರ. ಕುರಿಯವನು ನನ್ನ ಪಾರ್ಟಿ. 'ಕುರಿ ಕಾಲಿಗೆ ಹುಣ್ಣಾದ್ರೆ ನಾ ಏನ್ ಮಾಡ್ತೀನಿ ಹೇಳ್ರಿ ಮೇಷ್ಟ್ರೆ' ಎಂದು ಕೇಳುತ್ತಿದ್ದ. 'ಕೆಡವ್ತೀನಿ, ಕಾಲೆತ್ತಿ ಗೊರಸು ಬಿಡಿಸಿ ನೋಡ್ತೀನಿ. ಅದು ತಾನಾಗೇ ಬಂದು ಕಾಲು ತೋರಿಸ್ತೈತಾ? ಫೋನ್ನಾಗೆ ನೋಡಾಕಾಗ್ತೈತಾ?' ನಾನು ತೊಡೆ ತಟ್ಟಿ ಹೌದು ಹೌದು ಅನ್ನುತ್ತಿದ್ದೆ.

ಇನ್ನು ನನ್ನ ಗಾಯದ ವಿಷಯ. ನಮ್ಮ ಕಡೆ ಈಗ ಭತ್ತವನ್ನು ಮಿಷನ್ನೇ ಗದ್ದೆಯಲ್ಲಿ ಒಕ್ಕಿ ಕೊಟ್ಟು ಹೋಗುತ್ತದೆ. ಆದರೂ ಒಣಗಿಸಲು ಜಾಗ ಬೇಕಲ್ಲ, ಅದಕ್ಕೆ ಮನೆಯ ಹಿಂದೆ ಸಗಣಿ ಸಾರಿಸಿದ ಕಣ ಉಳಿಸಿಕೊಂಡಿದ್ದೇನೆ. ಹರವಿದ ಭತ್ತವನ್ನು ಗಂಟೆಗೊಮ್ಮೆ ತಿರುವಬೇಕು. ಅದಕ್ಕೆ ಕೈ ಬೇಡ, ಸಲಕರಣೆ ಬೇಡ. ಭತ್ತದೊಳಗೆ ಪಾದ ಎಳೆದುಕೊಂಡು ಈ ತುದಿಯಿಂದ ಆ ತುದಿಗೆ ನಡೆದರೆ ಸಾಲು ಬಿದ್ದು ಅಡಿಯ ಕಾಳು ಮೇಲೆ ಬರುತ್ತದೆ. ನಮ್ಮಪ್ಪ ಹಾಗೆ ಮಾಡುತ್ತಿದ್ದ, ನಾನೂ ಹಾಗೇ. ಕಣಕ್ಕೆ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ, ಅದು ನಾವು ಉಣ್ಣುವ ಅನ್ನ. ಶುಗರ್ ಇದ್ದವರು ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ ಅಂತ ಡಾಕ್ಟರುಗಳು ಹೇಳಿ ಹೇಳಿ ಸಾಕಾಗಿದ್ದರು. ಮನೆಯೊಳಗೆ ಮೆಟ್ಟುತ್ತಿದ್ದೆ, ರಸ್ತೆಯಲ್ಲಿ ಮೆಟ್ಟುತ್ತಿದ್ದೆ. ಕಣದ ಅಂಚಿಗೆ ಬಂದ ಕೂಡಲೇ ಕಾಲು ತಾನಾಗಿ ಚಪ್ಪಲಿ ಕಳಚುತ್ತಿತ್ತು.

ಆ ದಿನ ಸಂಜೆ ಭತ್ತ ರಾಶಿ ಮಾಡುವಾಗ ಕಾಳಿನ ಮೇಲೆ ಅಲ್ಲಲ್ಲಿ ಕೆಂಪು ಕಂಡಿತು. ಯಾವುದೋ ಕೋಳಿ ಗಾಯ ಮಾಡಿಕೊಂಡು ಓಡಾಡಿದೆ ಎಂದು ಬೈದುಕೊಂಡೆ. ಕೋಳಿಯನ್ನು ಹುಡುಕಿದೆ ಕೂಡ. ಆಮೇಲೆ ನೋಡಿದರೆ ಆ ಕೆಂಪು ನನ್ನ ಸಾಲಿನ ಉದ್ದಕ್ಕೂ ಇತ್ತು. ಕೂತು ಎಡಗಾಲು ಮಡಚಿ ನೋಡಿಕೊಂಡೆ. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿಗೆ, ಜಾಲಿ ಮುಳ್ಳೊಂದು ಮುರಿದು ಕೂತಿತ್ತು. ಇಡೀ ದಿನ ಅದರ ಮೇಲೆ ನಡೆದಿದ್ದೆ. ಒಂದಿಷ್ಟೂ ನೋವಾಗಿರಲಿಲ್ಲ. ನೋವಾಗದೇ ಇದ್ದದ್ದಕ್ಕೆ ನನಗೆ ಹೆದರಿಕೆಯಾಯಿತು.

ಮುಳ್ಳು ಕಿತ್ತೆ. ಅರಿಶಿನ ಹಚ್ಚಿದೆ. ಹೆಂಡತಿಗೆ ಹೇಳಲಿಲ್ಲ. ಚಳಿ ಅಂತ ಸಾಕ್ಸ್ ಹಾಕಿಕೊಂಡೆ, ನನ್ನ ಸಾಕ್ಸ್ ನಾನೇ ಒಗೆದುಕೊಂಡೆ. 'ಮೇಷ್ಟ್ರಿಗೆ ವಯಸ್ಸಾದ ಮೇಲೆ ಬುದ್ಧಿ ಬಂತು ನೋಡು' ಅಂತ ಅವಳು ನಕ್ಕಳು. ಒಂದು ವಾರವಾಯಿತು, ಎರಡಾಯಿತು, ತೂತು ಮುಚ್ಚಲಿಲ್ಲ. ಸುತ್ತ ಚರ್ಮ ಬೆಳ್ಳಗೆ ಮೆತ್ತಗಾಯಿತು. ದಿನಾ ಬೆಳಿಗ್ಗೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅದನ್ನು ನೋಡುವುದು, ನೋಡಿ ಎದೆ ಹಿಡಿದುಕೊಂಡು ಕೂರುವುದು.

ಅಲ್ಲಿಂದ ನಾನು ಮನುಷ್ಯನಾಗಿ ಉಳಿಯಲಿಲ್ಲ. ಊಟ ಬಾಯಿಗೆ ಹತ್ತುತ್ತಿರಲಿಲ್ಲ, ನಿದ್ದೆ ಹೋಯಿತು. ಕೋಪ ಮೊದಲೇ ಮೂಗಿನ ತುದಿಯಲ್ಲಿ, ಈಗ ತಟ್ಟೆ ಸದ್ದಾದರೂ ಹರಿಹಾಯುತ್ತಿದ್ದೆ. ಬೆರಳು ಚುಚ್ಚಿ ಶುಗರ್ ನೋಡುವುದನ್ನು ಬಿಟ್ಟೆ. ಹೇಗೂ ಕಾಲು ಹೋಗುವುದಾದರೆ ಮಾತ್ರೆ ತಗೊಂಡರೆಷ್ಟು ಬಿಟ್ಟರೆಷ್ಟು ಎಂದು ಮಾತ್ರೆಯನ್ನೂ ಒಂದು ದಿನ ನುಂಗಿ ಎರಡು ದಿನ ಬಿಡುತ್ತಿದ್ದೆ. ಒಂದು ಮಧ್ಯಾಹ್ನ ನಮ್ಮ ಗದ್ದೆಯ ಪಕ್ಕದ ನೀರಿನ ಚಾನಲ್ಲಿನ ಏರಿಯ ಮೇಲೆ ಕೂತು, ಒಂದು ಕಾಲಿನಲ್ಲಿ ಈ ಏರಿ ಹತ್ತುವುದು ಹೇಗೆ ಎಂದು ಯೋಚಿಸುತ್ತಾ ಕಾಲು ತಾಸು ಕಳೆದಿದ್ದೇನೆ. ಹುಚ್ಚು ಅಂದರೆ ಹುಚ್ಚೇ. ಆದರೆ ಆಗ ಅದು ನನಗೆ ಬಹಳ ವಿವೇಕದ ಯೋಚನೆ ಅನ್ನಿಸಿತ್ತು.

ಹಿಡಿದದ್ದು ಅಕ್ಕ. ಫೋನಿನಲ್ಲಿ ನಾನು ಹಾಂ ಹೂಂ ಅನ್ನುವುದನ್ನು ಕೇಳಿ, 'ನಿನ್ನ ದನಿ ಎಂತಕ್ಕೆ ಹಿಂಗಾಗ್ಯದೆ?' ಎಂದಳು. ಏನಿಲ್ಲ ಅಂದೆ. 'ಏನಿಲ್ಲ ಅಂದ್ರೆ ಏನೋ ಅದೆ. ನಾಳೆ ಹನ್ನೊಂದಕ್ಕೆ ನಮ್ಮ ಡಾಕ್ಟರಮ್ಮ ನಿಂಗೆ ವಿಡಿಯೋ ಕಾಲ್ ಮಾಡ್ತಾರೆ, ಹೇಳಿ ಇಟ್ಟಿದೀನಿ. ಎತ್ತಲಿಲ್ಲ ಅಂದ್ರೆ ನಾನೇ ಈ ಕಾಲಲ್ಲಿ ಬಸ್ ಹತ್ತಿ ಬತ್ತೀನಿ ನೋಡು.' ಅವಳು ಬರುವವಳೇ. ಒಪ್ಪಿಕೊಂಡೆ.

ಮರುದಿನ ಹೆಂಡತಿ ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು. ಫೋಟೋ ಸ್ಟುಡಿಯೋಕ್ಕೆ ಹೊರಟವನ ಹಾಗೆ ತಲೆ ಬಾಚಿಕೊಂಡು, ಕೋಣೆಯಲ್ಲಿ ಮಂಚದ ಮೇಲೆ ಕೂತೆ. ಅವಳು ಅಡುಗೆಮನೆಯಲ್ಲಿದ್ದಳು, ಆದರೆ ಪಾತ್ರೆಯ ಸದ್ದು ಪೂರಾ ನಿಂತಿತ್ತು. ಕಿವಿ ನಮ್ಮ ಕಡೆಯೇ ಇತ್ತು ಅಂತ ಬೇರೆ ಹೇಳಬೇಕಾಗಿಲ್ಲ. ಡಾಕ್ಟರಮ್ಮ ಕನ್ನಡಕದ ಹೆಣ್ಣುಮಗಳು, ನನ್ನ ಹಳೇ ವಿದ್ಯಾರ್ಥಿಗಳ ವಯಸ್ಸು.

'ಹೇಗಿದ್ದೀರಿ ಮೇಷ್ಟ್ರೇ?'

'ಆರಾಮ್ರೀ.'

'ನಿದ್ದೆ?'

'ಆರಾಮ.'

'ಊಟ, ಮಾತ್ರೆ?'

'ಎಲ್ಲ ಆರಾಮ.'

ನಮ್ಮ ಕಡೆ ಯಾರಾದರೂ ಹೇಗಿದ್ದೀರಿ ಅಂದರೆ ಬಾಯಿಗೆ ಬರುವುದು ಅದೊಂದೇ ಮಾತು. ಹೆಣ ಹೊರುವಾಗ ಕೇಳಿದರೂ ಆರಾಮ ಅಂದುಬಿಡುತ್ತೇವೆ. ಆಕೆ ತಲೆಯಾಡಿಸಿ, 'ಅಂಗಾಲು ತೋರಿಸಿ, ಮೊದಲು ಬಲಗಾಲು' ಅಂದಳು. ಸಾಕ್ಸ್ ಕಳಚಿ ಬಲಗಾಲೆತ್ತಿ ಫೋನಿನ ಮುಂದೆ ಹಿಡಿದೆ. 'ಚೆನ್ನಾಗಿದೆ. ಈಗ ಎಡಗಾಲು.'

ಇಲ್ಲಿ ನಾನು ಬುದ್ಧಿವಂತಿಕೆ ಮಾಡಿದೆ. ಫೋನನ್ನು ಮಂಚದ ಮೇಲೆ ಅಂಗಾತ ಇಟ್ಟು, ಆಕೆಗೆ ನಮ್ಮ ಮನೆಯ ಫ್ಯಾನು ತೋರಿಸುತ್ತಾ, ಸಾಕ್ಸ್ ಎಳೆದ ಸದ್ದು ಮಾಡಿ, ಮತ್ತೆ ಅದೇ ಬಲಗಾಲನ್ನು ತೋರಿಸಿದೆ. ಆಕೆ ಕನ್ನಡಕ ಸರಿಮಾಡಿಕೊಂಡು ಫೋನಿಗೆ ಇನ್ನಷ್ಟು ಹತ್ತಿರ ಬಂದಳು.

'ಮನೆಯವರು ಅಲ್ಲೇ ಇದ್ದಾರಾ ಮೇಷ್ಟ್ರೇ?'

'ಇದಾಳ್ರೀ, ಒಳಗೆ.'

'ಸರಿ. ಉಳಿದದ್ದು ನಾಳೆ ಮಾತಾಡೋಣ.'

ಗೆದ್ದೆ ಅಂದುಕೊಂಡೆ. ಈ ಫೋನಿನ ಡಾಕ್ಟರುಗಳ ಹಣೆಬರಹವೇ ಇಷ್ಟು, ಕುರಿಯವನು ಸರಿಯಾಗಿ ಹೇಳಿದ್ದ ಅಂತ ಒಳಗೊಳಗೇ ಬೀಗಿದೆ. ಹೆಂಡತಿ ಬಾಗಿಲಲ್ಲಿ ನಿಂತು, 'ಏನೂ ಇಲ್ಲವಂತಲ್ಲ, ಸದ್ಯ' ಎಂದು ಗೋಡೆಯ ದೇವರ ಪಟಕ್ಕೆ ಕೈ ಮುಗಿದಳು. ಆ ದಿನ ಅವಳ ಮುಖ ನೋಡಲು ಆಗಲಿಲ್ಲ.

ಮಾರನೇ ದಿನ ಅವಳು ಮಹಿಳಾ ಸಂಘದ ಮೀಟಿಂಗಿಗೆ ಹೋಗಿದ್ದಳು. ನಾನು ಕಣದ ಅಂಚಿನ ಕಲ್ಲಿನ ಮೇಲೆ ಕೂತು ಭತ್ತಕ್ಕೆ ಗುಬ್ಬಿ ಕಾಯುತ್ತಿದ್ದೆ. ಫೋನು ಬಂತು, ಡಾಕ್ಟರಮ್ಮನೇ.

'ಒಬ್ಬರೇ ಇದ್ದೀರಾ ಮೇಷ್ಟ್ರೇ?'

'ಹೌದ್ರೀ.'

'ನಿನ್ನೆ ಮನೆಯವರು ಕೇಳಿಸಿಕೊಳ್ತಿದ್ರು, ಅದಕ್ಕೆ ಸುಮ್ಮನಾದೆ. ಎರಡೂ ಬಲಗಾಲೇ ಇರೋ ಪೇಷಂಟನ್ನ ನಾನು ಇವತ್ತಿನವರೆಗೂ ನೋಡಿಲ್ಲ.'

'ಕ್ಯಾಮೆರಾ ಉಲ್ಟಾ ತೋರಿಸ್ತೇನೋ' ಅಂದೆ. ಕಾಪಿ ಹೊಡೆದ ಹುಡುಗರು ನನಗೆ ಹೇಳುತ್ತಿದ್ದ ಸುಳ್ಳುಗಳು ಇದಕ್ಕಿಂತ ಎಷ್ಟೋ ಚೆನ್ನಾಗಿರುತ್ತಿದ್ದವು.

'ಕ್ಯಾಮೆರಾ ಏನೇ ಮಾಡಿದ್ರೂ ಹೆಬ್ಬೆರಳು ಎರಡು ಸಲವೂ ಒಂದೇ ಕಡೆ ಬರಲ್ಲ ಮೇಷ್ಟ್ರೇ. ಮತ್ತೆ ಆ ಕುಡುಗೋಲಿನ ಕಲೆ, ಅದೂ ಎರಡಕ್ಕೂ ಇತ್ತು. ನಮ್ಮಪ್ಪನ ಕಾಲಲ್ಲೂ ಅಂಥದ್ದೇ ಇದೆ, ಕೊಯ್ಲಿಗೆ ಹೋಗಿ ಮಾಡಿಕೊಂಡದ್ದು. ಅದನ್ನ ನಾನು ಎಲ್ಲಿ ಕಂಡ್ರೂ ಗುರುತು ಹಿಡೀತೀನಿ.'

ನನ್ನ ಬಲಪಾದದ ಒಳಬದಿಗೆ, ಹನ್ನೊಂದನೇ ವಯಸ್ಸಿನಲ್ಲಿ ಕುಡುಗೋಲು ಜಾರಿ ಆದ ಅರ್ಧಚಂದ್ರದಂಥ ಕಲೆ ಇದೆ. ಐವತ್ತು ವರ್ಷದಿಂದ ನನ್ನ ಜೊತೆಗಿದ್ದದ್ದು ಅವತ್ತು ನನ್ನನ್ನೇ ಹಿಡಿದುಕೊಟ್ಟಿತು. ಫೋನು ಆಫ್ ಮಾಡಿಬಿಡೋಣ ಅಂತ ಬೆರಳು ಹೋಯಿತು. ಅಷ್ಟರಲ್ಲಿ ಆಕೆ, 'ಎಡಗಾಲು ಆಮೇಲೆ ನೋಡೋಣ. ವಿಡಿಯೋ ಬೇಡ, ಆಫ್ ಮಾಡಿ, ಬರೀ ಮಾತಾಡೋಣ. ನಿಮಗೆ ಯಾವುದರ ಭಯ, ಅದನ್ನ ಹೇಳಿ' ಅಂದಳು.

ಏನು ಕಾಯಿಲೆ ಅಂತ ಎಲ್ಲರೂ ಕೇಳುತ್ತಾರೆ, ಏನು ಭಯ ಅಂತ ಯಾರೂ ಕೇಳಿರಲಿಲ್ಲ. ಅಕ್ಕನ ಹೊದಿಕೆಯ ಸಪಾಟು ಹೇಳಿದೆ. ಕೆಂಪು ಹತ್ತಿದ ಭತ್ತ ಹೇಳಿದೆ. ಬಿಟ್ಟ ಮಾತ್ರೆ, ಚಾನಲ್ಲಿನ ಏರಿ, ತಟ್ಟೆಯ ಸದ್ದಿಗೆ ಹೆಂಡತಿಯ ಮೇಲೆ ರೇಗಿದ್ದು, ಎಲ್ಲ. ಹೇಳುತ್ತಾ ಹೇಳುತ್ತಾ ಅತ್ತೆ. ಗಂಡಸು, ಅದೂ ಮೇಷ್ಟ್ರು, ಹಾಡಹಗಲು ಕಣದ ಕಲ್ಲಿನ ಮೇಲೆ ಕೂತು ಗೊಳೋ ಅಂತ ಅತ್ತೆ. ಗುಬ್ಬಿಗಳು ನೆಮ್ಮದಿಯಾಗಿ ನನ್ನ ಭತ್ತ ತಿಂದವು. ಆಕೆ ನಡುವೆ ಬಾಯಿ ಹಾಕಲಿಲ್ಲ. ನಾಡಿ ಹಿಡಿಯದವಳು ಎಂಥ ಡಾಕ್ಟರು ಎಂದು ಗೇಲಿ ಮಾಡಿದ್ದೆನಲ್ಲ, ಆಕೆ ಎದುರಿಗೆ ಕೂತು ನಾಡಿ ಹಿಡಿದಿದ್ದರೆ ನಾನು ಖಂಡಿತ ಆರಾಮ ಅಂತಲೇ ಹೇಳುತ್ತಿದ್ದೆ. ಬಾಗಿಲಲ್ಲಿ ನಲವತ್ತು ಜನ ಕಾಯುತ್ತಿರುವಾಗ ನನ್ನಂಥವನು ಅಳುತ್ತಾನೆಯೇ? ಆಕೆ ದೂರ ಇದ್ದದ್ದೇ ನನಗೆ ಒಳ್ಳೆಯದಾಯಿತು.

ಅಳು ನಿಂತ ಮೇಲೆ ಆಕೆ ಹೇಳಿದಳು. 'ಶುಗರ್ ಇರೋರಿಗೆ ಮನಸ್ಸು ಹೀಗೆ ಕುಸಿಯೋದು ನಿಮಗೊಬ್ಬರಿಗೇ ಆದದ್ದಲ್ಲ. ಮನಸ್ಸು ಕುಸಿದ್ರೆ ಮಾತ್ರೆ ತಪ್ಪುತ್ತೆ, ಮಾತ್ರೆ ತಪ್ಪಿದ್ರೆ ಶುಗರ್ ಏರುತ್ತೆ, ಏರಿದ್ರೆ ಗಾಯ ಮಾಯಲ್ಲ, ಗಾಯ ನೋಡಿ ಮನಸ್ಸು ಇನ್ನೂ ಕುಸಿಯುತ್ತೆ. ಇದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ಕಾಲಿಗೂ ಔಷಧ ಮಾಡೋಣ, ಇದಕ್ಕೂ ಮಾಡೋಣ. ಈಗ ವಿಡಿಯೋ ಹಾಕಿ, ಆ ಇನ್ನೊಂದು ಕಾಲು ತೋರಿಸಿ.'

ತೋರಿಸಿದೆ. ಬಿಸಿಲಿಗೆ ಹಿಡಿಯಲು ಹೇಳಿದಳು. ಬೆರಳು ಅಗಲಿಸಲು ಹೇಳಿದಳು, ಸುತ್ತ ಒತ್ತಲು ಹೇಳಿದಳು, ಕೆಂಪು ಮೇಲಕ್ಕೆ ಏರಿದೆಯೇ ಎಂದು ಪಾದದ ಮೇಲೆ ನೋಡಿದಳು. 'ವಾಸನೆ ಇದೆಯಾ? ಅದನ್ನ ನೀವೇ ಹೇಳಬೇಕು, ಫೋನಲ್ಲಿ ನನಗೆ ಗೊತ್ತಾಗಲ್ಲ.' ಮೂಗಿನ ಹತ್ತಿರ ತಂದು ನೋಡಿದೆ. ಅರಿಶಿನದ ವಾಸನೆ ಬಿಟ್ಟರೆ ಇನ್ನೇನೂ ಇರಲಿಲ್ಲ.

'ಕಾಲು ತೆಗೀತಾರೇನ್ರೀ?' ಕೇಳಿಯೇಬಿಟ್ಟೆ.

'ನೋಡಿದ್ರೆ ಉಳಿಯೋ ಕಾಲಿನ ಹಾಗೇ ಕಾಣ್ತಿದೆ. ಆದ್ರೆ ಫೋನಲ್ಲಿ ನೋಡಿ ನಾನು ಮಾತು ಕೊಡಲ್ಲ. ಮೂಳೆಗೆ ಇಳಿದಿದೆಯಾ ಅಂತ ಎಕ್ಸ್‌ರೇ ತೆಗೆಸಬೇಕು, ಕೈ ಮುಟ್ಟಿ ನೋಡೋರು ನೋಡಬೇಕು. ಇವತ್ತೇ ಶಿಕಾರಿಪುರದ ಆಸ್ಪತ್ರೆಗೆ ಹೋಗಿ, ಅಲ್ಲಿಯವರಿಗೆ ನಾನೂ ಫೋನ್ ಮಾಡ್ತೀನಿ. ನಾಳೆ ಅಂದ್ರೆ ಆಗಲ್ಲ. ಮತ್ತೆ, ಮೊದಲು ಮನೆಯವರಿಗೆ ಹೇಳಿ.'

ಮನೆಯವರಿಗೆ ಹೇಳುವುದು ಎಕ್ಸ್‌ರೇಗಿಂತ ಕಷ್ಟದ್ದು. ಅವಳು ಮೀಟಿಂಗಿನಿಂದ ಬಂದು ಚಪ್ಪಲಿ ಕಳಚುವಾಗಲೇ ಕಾಲು ಮುಂದೆ ಚಾಚಿ ತೋರಿಸಿದೆ. ಮೆಟ್ಟಿಲ ಮೇಲೆ ಕೂತು ಗಾಯ ನೋಡಿದಳು. ನಿನ್ನೆ ಡಾಕ್ಟರಿಗೆ ಏನು ತೋರಿಸಿದಿರಿ ಅಂದಳು. ಹೇಳಿದೆ. ಅವಳು ನನ್ನ ಎರಡೂ ಕಾಲನ್ನು ಒಂದಾದ ಮೇಲೊಂದು ನೋಡಿದಳು.

'ನಾನು ದೇವರಿಗೆ ಕೈ ಮುಗಿದ್ನಲ್ರೀ' ಅಂದಳು. ಆಮೇಲೆ ದನಿ ಏರಿತು. 'ಡಾಕ್ಟರ ಕಣ್ಣಿಗೆ ಮಣ್ಣೆರಚಿದ್ರಿ, ಹೋಗ್ಲಿ. ನಾನು ಕೈ ಮುಗಿಯೋದನ್ನ ನೋಡ್ಕೊಂತ ಕುಂತಿದ್ರಲ್ಲ, ನಿಮಗೇನಾದ್ರೂ ಅನ್ನಿಸ್ತಾ?'

ಅನ್ನಿಸಿತ್ತು ಅಂದೆ. ಅನ್ನಿಸಿದ್ದನ್ನು ಯಾಕೆ ಹೇಳಲಿಲ್ಲ ಅಂದಳು. ಇವತ್ತೇ ಶಿಕಾರಿಪುರಕ್ಕೆ ಹೋಗಬೇಕಂತೆ ಅಂತಷ್ಟೇ ಹೇಳಿದೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಪಕ್ಕದ ಮನೆಯ ಕುರಿಯವನು ಅವನ ಗೂಡ್ಸ್ ಗಾಡಿ ತೆಗೆದ. ಸಂತೆಗೆ ಕುರಿ ಹೇರುವ ಗಾಡಿಯದು. ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತೆವು. ಹೆಂಡತಿ ದಾರಿಯುದ್ದಕ್ಕೂ ಅವನಿಗೆ ಕಥೆಯನ್ನು ಪೂರ್ತಿ ಹೇಳಿದಳು, ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಅವನು ಎಲ್ಲ ಕೇಳಿ, 'ನಮ್ಮ ಕುರಿನೇ ಎಷ್ಟೋ ವಾಸಿ ಬಿಡಕ್ಕ. ಕಾಲು ತೋರಿಸಲ್ಲ ಅನ್ನೋದು ಖರೆ, ಒಂದೇ ಕಾಲನ್ನ ಎರಡು ಸಲ ತೋರಿಸಲ್ಲ' ಅಂದ. ಅವಳು ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದಳು.

ಆಸ್ಪತ್ರೆಯಲ್ಲಿ ಗಾಯ ತೊಳೆದು, ಸತ್ತ ಚರ್ಮ ಕತ್ತರಿಸಿ, ಕಡ್ಡಿ ಹಾಕಿ ಆಳ ನೋಡಿದರು. ರಕ್ತ ತೆಗೆದರು. ಎಕ್ಸ್‌ರೇ ಬರುವವರೆಗೆ ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ಎದುರಿನ ಗೋಡೆಗೆ ಒಂದು ಜೊತೆ ಊರುಗೋಲು ಒರಗಿಸಿದ್ದರು. ನಾನು ಅದನ್ನೇ ನೋಡುತ್ತಿದ್ದೆ. ಹೆಂಡತಿ ಎದ್ದು ಹೋಗಿ ಅವೆರಡನ್ನೂ ಎತ್ತಿ ಬಾಗಿಲ ಹಿಂದೆ ಇಟ್ಟು ಬಂದು ಕೂತಳು.

ಅಲ್ಲಿನ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, 'ಮೂಳೆಗೆ ಇಳಿದಿಲ್ಲ. ರಕ್ತ ಓಡಾಟವೂ ಚೆನ್ನಾಗಿದೆ. ಶುಗರ್ ಮಾತ್ರ ಆಕಾಶಕ್ಕೆ ಹೋಗಿದೆ, ಇಳಿಸೋಣ. ಕಾಲಿಗೇನೂ ಆಗಲ್ಲ, ನೀವು ನೆಲಕ್ಕೆ ಊರದೆ ಇದ್ರೆ' ಎಂದರು. ನಾನು ಇನ್ನೊಂದು ಸಲ ಹೇಳಿ ಅಂದೆ. ಅವರು ಇನ್ನೊಂದು ಸಲ ಹೇಳಿದರು. ಹೊರಗೆ ಬಂದ ಮೇಲೆ ಹೆಂಡತಿ ನನ್ನ ಭುಜಕ್ಕೆ ಒಂದು ಬಿಟ್ಟಳು, ಜೋರಾಗಿಯೇ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನಗೆ ಇದ್ದಕ್ಕಿದ್ದಂತೆ ಹಸಿವಾಯಿತು. ಎಷ್ಟು ದಿನದ ಮೇಲೆ ಹಸಿವು ಅಂತ ಬಂದಿತ್ತೋ. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಎರಡು ಮುಗಿದ ಕೂಡಲೇ ಅವಳು ನನ್ನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, 'ಸಾಕು, ಶುಗರು' ಅಂದಳು. ಮನೆ ಬಿಟ್ಟ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲನೇ ಮಾತು ಅದು.

ಆಮೇಲಿನದ್ದೆಲ್ಲ ಕಾಯುವ ಕೆಲಸ. ಎಡಗಾಲು ಊರಬಾರದು, ಗಾಯದ ಜಾಗಕ್ಕೆ ಭಾರ ಬೀಳದ ಹಾಗೆ ದಪ್ಪ ಅಟ್ಟೆಯ ಚಪ್ಪಲಿ ಕೊಟ್ಟಿದ್ದರು. ಬಾಗಿಲ ಹಿಂದಿನ ಅದೇ ಊರುಗೋಲಿನಂಥದ್ದನ್ನು ಎರಡು ತಿಂಗಳು ನಾನೂ ಬಳಸಿದೆ. ಇನ್ಸುಲಿನ್ ಶುರುವಾಯಿತು. ಡ್ರೆಸಿಂಗಿಗೆ ಊರಿನ ಉಪಕೇಂದ್ರ, ಮಾತಿಗೆ ಫೋನಿನ ಡಾಕ್ಟರಮ್ಮ. ಪ್ರತಿ ಸೋಮವಾರ ಹೆಂಡತಿ ನನ್ನ ಅಂಗಾಲಿನ ಫೋಟೋ ತೆಗೆದು ಶಿವಮೊಗ್ಗಕ್ಕೆ ಕಳಿಸಬೇಕು. ಅವಳು ಒಂದು ಕಾನೂನು ಮಾಡಿದಳು: ಎರಡೂ ಕಾಲು ಒಂದೇ ಫೋಟೋದಲ್ಲಿ ಇರಬೇಕು, ಕುಡುಗೋಲಿನ ಕಲೆ ಕಾಣಬೇಕು. ಡಾಕ್ಟರಮ್ಮ ಮೊದಲನೇ ಫೋಟೋ ನೋಡಿ, 'ಒಂದು ಬಲ, ಒಂದು ಎಡ, ಸರಿಯಾಗಿದೆ' ಎಂದು ಉತ್ತರ ಬರೆದಳು. ಅದನ್ನು ನನ್ನ ಹೆಂಡತಿ ಸಂಘದವರಿಗೆಲ್ಲ ತೋರಿಸಿಕೊಂಡು ಬಂದಳು.

ಮನಸ್ಸಿನ ವಿಷಯಕ್ಕೆ ಇನ್ನೊಬ್ಬರ ಜೊತೆ ಮಾತಾಡಿ ಎಂದು ಡಾಕ್ಟರಮ್ಮ ಅಂದಾಗ ಮಾತ್ರ ನಾನು ಸಿಟ್ಟಿಗೆದ್ದೆ. ನನಗೇನು ತಲೆ ಕೆಟ್ಟಿದೆಯಾ ಅಂದೆ. 'ಕಾಲಿಗೆ ಹುಣ್ಣಾದ್ರೆ ಕಾಲು ಕೆಟ್ಟೋರು ಅಂತ ಕರೀತಾರಾ ಮೇಷ್ಟ್ರೇ?' ಅಂದಳು. ಸರಿ, ಗುರುವಾರ ಗುರುವಾರ ಆಪ್ತ ಸಲಹೆ ಕೊಡುವ ಒಬ್ಬಾತ ಫೋನು ಮಾಡುತ್ತಿದ್ದ. ಮೃದು ದನಿ. ಆತ ಹೇಳಿದ್ದರಲ್ಲಿ ಭಾರೀ ವಿದ್ಯೆಯೇನೂ ಇರಲಿಲ್ಲ. ದಿನಾ ಒಂದು ಹೊತ್ತು ಯಾರ ಜೊತೆಗಾದರೂ ಆರಾಮ ಅನ್ನುವ ಮಾತು ಬಳಸದೆ ಹತ್ತು ನಿಮಿಷ ಮಾತಾಡಿ ಅಂದ. ಕೇಳಲು ಸುಲಭ, ಮಾಡಲು ಹೋದರೆ ಬಾಯಿಗೆ ಮಾತೇ ಬರುವುದಿಲ್ಲ. ಹೆಂಡತಿಯ ಜೊತೆ ಶುರು ಮಾಡಿದೆ. ಮೊದಲ ವಾರ ಇಬ್ಬರೂ ಬರೀ ಜಗಳವಾಡಿದೆವು. ಆಮೇಲಾಮೇಲೆ ನಿದ್ದೆ ಬರತೊಡಗಿತು.

ಕಣದ ಚಪ್ಪಲಿಯ ಪ್ರಶ್ನೆಯನ್ನೂ ಡಾಕ್ಟರಮ್ಮನೇ ಬಿಡಿಸಿದಳು, ರೈತರ ಮನೆಯ ಹೆಣ್ಣುಮಗಳಲ್ಲವೇ. 'ಕಣಕ್ಕೇ ಅಂತ ಒಂದು ಹೊಸ ಜೊತೆ ಇಡಿ. ಅದನ್ನ ಬೇರೆಲ್ಲೂ ಮೆಟ್ಟಬೇಡಿ. ಅದು ಚಪ್ಪಲಿ ಅಲ್ಲ, ಕಣದ ಸಲಕರಣೆ ಅಂದುಕೊಳ್ಳಿ. ಭತ್ತ ತಿರುವೋಕೆ ಮರದ ಹಲಗೆ ಇಟ್ಟುಕೊಳ್ಳಿ.' ಹೆಂಡತಿ ಬೆರಳು ಮುಚ್ಚುವಂಥ ಹೊಸ ಚಪ್ಪಲಿ ತಂದು, ತೊಳೆದು, ಮೊರದ ಪಕ್ಕ ಗೂಟಕ್ಕೆ ತೂಗುಹಾಕಿದಳು. ಹಬ್ಬದ ದಿನ ನೇಗಿಲಿಗೆ, ಮೊರಕ್ಕೆ ಕುಂಕುಮ ಇಟ್ಟವಳು ಅದಕ್ಕೂ ಒಂದು ಬೊಟ್ಟು ಇಟ್ಟಳು. ನಾನು ಕಣ್ಣರಳಿಸಿದರೆ, 'ನಿಮ್ಮ ಕಾಲು ಉಳಿಸೋದು ಅದೇ ತಾನೆ' ಅಂದಳು.

ಗಾಯ ಪೂರ್ತಿ ಮುಚ್ಚಿದ ಮೇಲೆ ಅಕ್ಕನನ್ನು ನೋಡಲು ಹೋದೆ. ಶಿರಾಳಕೊಪ್ಪದಲ್ಲಿ ಬಸ್ ಬದಲಿಸಿ, ಸೊರಬದಲ್ಲಿ ಇಳಿದು, ಆಟೋದಲ್ಲಿ ಅವಳ ಊರು. ಅವಳು ಜಗಲಿಯ ಮಂಚದ ಮೇಲೆ ಕೂತು ಅವರೆಕಾಳು ಬಿಡಿಸುತ್ತಿದ್ದಳು. ಕಥೆ ಅವಳಿಗೆ ಆಗಲೇ ಗೊತ್ತಿತ್ತು, ನಾದಿನಿ ಅತ್ತಿಗೆ ಇಬ್ಬರೂ ಫೋನಿನಲ್ಲಿ ನನ್ನನ್ನು ಸಾಕಷ್ಟು ಆಡಿಕೊಂಡಿದ್ದರು. ಒಂದು ಮಾತು ಮಾತ್ರ ನಾನು ಅವಳಿಗೆ ಹೇಳಿರಲಿಲ್ಲ. ಆರಾಮ ಅನ್ನದೆ ಮಾತಾಡುವ ಅಭ್ಯಾಸ ಬಿದ್ದಿತ್ತಲ್ಲ, ಹೇಳಿದೆ.

'ಅಕ್ಕಾ, ನಿನ್ನ ಕಾಲು ನೋಡಿಯೇ ನಾನು ಮುಚ್ಚಿಟ್ಟದ್ದು. ನೀನು ಬೆರಳು ತೋರಿಸಾಕೆ ಹೋಗಿ ಕಾಲು ಕಳ್ಕೊಂಡು ಬಂದೆ. ತೋರಿಸಿದ್ರೆ ತೆಗೀತಾರೆ ಅಂತ ನಂಗೆ ತಲೇಲಿ ಕುಂತುಬಿಡ್ತು.'

ಅವಳ ಕೈ ನಿಂತಿತು. ಕೈಯಲ್ಲಿದ್ದ ಅವರೆಕಾಯಿಯನ್ನು ಮೊರಕ್ಕೆ ಹಾಕಿದಳು.

'ಯಾರು ಹೇಳಿದ್ದು ನಿಂಗೆ, ತೋರಿಸಿದ್ದಕ್ಕೆ ಹೋತು ಅಂತ?' ಅಂದಳು. 'ನಾನು ಮೂರು ತಿಂಗಳು ಮುಚ್ಚಿಟ್ಟಿದ್ದೆ ಮಾರಾಯಾ. ಸೀರೆ ಇಳಿಬಿಟ್ಟು ಉಡ್ತಿದ್ದೆ, ಯಾರಿಗೂ ಕಾಣಬಾರದು ಅಂತ. ವಾಸನೆ ಬರೂದಕ್ಕೆ ಶುರುವಾದ ಮೇಲೆ ಇವರು ಎತ್ತಿಹಾಕ್ಕೊಂಡು ಹೋದ್ರು. ಹದಿನೈದು ದಿನಕ್ಕೇ ಬಂದಿದ್ರೆ ಬೆರಳೂ ಉಳೀತಿತ್ತು ಅಂತ ಡಾಕ್ಟರು ಹೇಳಿದ್ರು. ನಾಚಿಕೆಗೆ ನಾನು ಯಾರಿಗೂ ಹೇಳಲಿಲ್ಲ. ನಿಂಗೂ ಹೇಳಲಿಲ್ಲ.'

ಅವಳಿಗೆ ಅಳು ಬಂತು, ನನಗೂ ಬಂತು. ನಾಲ್ಕು ವರ್ಷ ಅವಳು ಮುಚ್ಚಿಟ್ಟುಕೊಂಡ ಮಾತಿನ ಮೇಲೆ ನಾನು ನನ್ನ ಭಯ ಕಟ್ಟಿಕೊಂಡು ಕೂತಿದ್ದೆ. ಕೋಪ ಬರಬೇಕಿತ್ತು, ಬರಲಿಲ್ಲ. ನಾನು ಮಾಡಿದ್ದೂ ಅದೇ ತಾನೆ, ನನ್ನನ್ನು ಹಿಡಿದುಕೊಡಲು ಒಂದು ಕಲೆ ಇತ್ತು, ಅವಳಿಗೆ ಇರಲಿಲ್ಲ.

ಅವಳು ಸೆರಗಿನಿಂದ ಮೂಗೊರೆಸಿ, ಮೊರ ಪಕ್ಕಕ್ಕೆ ಸರಿಸಿದಳು. 'ಎಲ್ಲಿ, ತೋರಿಸು' ಅಂದಳು.

ಚಪ್ಪಲಿ ಕಳಚಿ ಎಡಗಾಲನ್ನು ಮಂಚದ ಮೇಲೆ ಇಟ್ಟೆ. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿ ತನ್ನ ಮಡಿಲಿಗೆ ಇಟ್ಟುಕೊಳ್ಳಲು ಹೋದಳು. ನಾನು ಹಿಂದಕ್ಕೆ ಎಳೆದುಕೊಂಡೆ, 'ಬೇಡಕ್ಕಾ, ನೀನು ದೊಡ್ಡೋಳು, ನನ್ನ ಕಾಲು ಮುಟ್ಟಬಾರದು.'

'ಸುಮ್ಮನಿರಾ' ಅಂತ ಗದರಿ ಎಳೆದುಕೊಂಡಳು. ಕನ್ನಡಕ ಏರಿಸಿ, ಹೆಬ್ಬೆರಳಿನ ಬುಡದಲ್ಲಿ ಹೊಸ ಚರ್ಮ ಬಂದ ಜಾಗವನ್ನು ಹುಡುಕಿ, ಅಲ್ಲಿ ತನ್ನ ಬೆರಳಿಟ್ಟು ನಿಧಾನ ಸವರಿದಳು. ಮತ್ತೆ ಸವರಿದಳು. ಅವಳ ಬೆರಳು ತಾಗಿದ್ದು ನನಗೆ ಗೊತ್ತಾಗಲಿಲ್ಲ, ಆ ಪಾದಕ್ಕೆ ಸ್ಪರ್ಶ ಇನ್ನು ಬರುವುದೂ ಇಲ್ಲವಂತೆ. ಅದಕ್ಕೇ ನಾನು ಕಣ್ಣು ಆ ಕಡೆ ಈ ಕಡೆ ತೆಗೆಯದೆ, ಅವಳು ಕೈ ಎತ್ತುವವರೆಗೂ ನೋಡುತ್ತಾ ಕೂತೆ.